ಎರಡು ಚುಕ್ಕೆ, ಒಂದು ಅಡ್ಡಗೆರೆ

ಕರಾವಳಿಯುದ್ದಕ್ಕೂ ತೊಂಬತ್ತು ಸಾವಿರ ಜನ ಸತ್ತಿರುವಾಗ ಅಲ್ಲಿಂದ ಒಂದು ಅಂಗಿಯ ಕಾಲರಿನ ಸಂಗತಿಯನ್ನು ಎತ್ತಿಕೊಂಡು ಬಂದದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಸತ್ತವರ ಬಗ್ಗೆ ಅವರವರ ಮನೆಯವರೇ ಬಾಯಿ ಬಿಡುತ್ತಿಲ್ಲ, ನಡುವೆ ನಿನ್ನದೇನು ಅಧಿಕಪ್ರಸಂಗ ಎಂದು ಯಾರಾದರೂ ಕೇಳಿದರೆ ಕೊಡುವುದಕ್ಕೆ ಉತ್ತರವಿಲ್ಲ. ತಪ್ಪಿ ಎಲ್ಲಾದರೂ ಹೆಚ್ಚು ಹೇಳಿದ್ದರೆ ಅದು ಹೇಳುವವರ ಕೈಲಾಗದತನ. ತಿಳಿದಷ್ಟನ್ನು, ತಿಳಿದ ಹಾಗೆ ಹೇಳುವುದು, ಅಷ್ಟೇ.

ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಮಸಿಯಣ್ಣ ಎಂದೇ ಕರೆಯುತ್ತಿದ್ದರು. ಬಲಗೈಯ ತೋರುಬೆರಳು ಮತ್ತು ಹೆಬ್ಬೆರಳು ಇಪ್ಪತ್ತಾರು ವರ್ಷದಿಂದ ಕಪ್ಪು. ಉಜ್ಜಿದರೆ ಚರ್ಮ ಹೋಗುತ್ತಿತ್ತೇ ಹೊರತು ಮಸಿ ಹೋಗುತ್ತಿರಲಿಲ್ಲ. ಬಂದ ಗಂಟುಗಳನ್ನು ಬಿಚ್ಚಿ, ಪ್ರತಿ ಬಟ್ಟೆಯ ಕಾಲರಿನ ಒಳಗೋ ಸೊಂಟಪಟ್ಟಿಯ ಒಳಗೋ ಆ ಮನೆಯ ಗುರುತು ಹಾಕುವುದು ಅವನ ಕೆಲಸ. ಮನೆಗೊಂದು ಗುರುತು. ಗೆರೆ, ಚುಕ್ಕೆ, ಕೊಕ್ಕೆ, ಸೊನ್ನೆ, ಇಷ್ಟರಲ್ಲೇ ಮುನ್ನೂರ ಎಪ್ಪತ್ತು ಮನೆಗಳನ್ನು ಬೇರೆಬೇರೆ ಮಾಡಬೇಕು. ಗುರುತಿನ ಪುಸ್ತಕವೊಂದು ಮೇಜಿನ ಖಾನೆಯಲ್ಲಿತ್ತು, ಆದರೆ ಅವನು ಅದನ್ನು ತೆರೆದು ನೋಡಿದವನಲ್ಲ. ಕಾಲರು ಮಡಚಿದರೆ ಸಾಕು, ಮನೆ, ಮನೆಯ ಬಾಗಿಲು, ಬಾಗಿಲಲ್ಲಿ ನಿಂತು ಗಂಟು ಕೊಡುವವರ ಮುಖ ಎಲ್ಲವೂ ಒಟ್ಟಿಗೆ ಕಣ್ಣಿಗೆ ಕಟ್ಟುತ್ತಿತ್ತು. ಆ ಸೋಮವಾರ ಬೆಳಿಗ್ಗೆಯೂ ಹಾಗೆಯೇ ಮಡಚುತ್ತಿದ್ದ. ಒಳಗೆ ಬಾಯ್ಲರಿನ ಹಬೆ, ಹೊರಗೆ ಇಳಿಜಾರು ರಸ್ತೆ, ರಸ್ತೆಯ ಕೊನೆಯಲ್ಲಿ ಹದಿನಾಲ್ಕು ತಿಂಗಳ ಹಿಂದೆ ಅರ್ಧ ಊರನ್ನು ನುಂಗಿ ಈಗ ಏನೂ ಗೊತ್ತಿಲ್ಲದಂತೆ ಬಿದ್ದುಕೊಂಡಿದ್ದ ಸಮುದ್ರ. ಲಾಂಡ್ರಿ ಎತ್ತರದಲ್ಲಿದ್ದದ್ದರಿಂದ ಉಳಿಯಿತು. ಅವನ ಮನೆಯೂ ಉಳಿಯಿತು. ಉಳಿದದ್ದು ಯಾವ ಪುಣ್ಯಕ್ಕೆ ಎಂದು ಯಾರೂ ಬಾಯಿ ಬಿಟ್ಟು ಕೇಳದಿದ್ದರೂ ಕೆಳಗಿನ ಬೀದಿಯವರು ಎದುರಾದಾಗಲೆಲ್ಲ ಅವನು ತಪ್ಪು ಮಾಡಿದವನಂತೆ ಪಕ್ಕಕ್ಕೆ ಸರಿಯುತ್ತಿದ್ದ.

"ಕೇಳಿದ್ಯಾ ಮಸಿಯಣ್ಣ, ಇನ್ನೂ ಹದಿನಾಲ್ಕರಲ್ಲೇ ಇದ್ದೀವಂತೆ," ಎಂದ ಇಸ್ತ್ರಿಯವನು. ಪತ್ರಿಕೆಯ ತುಂಡೊಂದನ್ನು ಗೋಡೆಗೆ ಒತ್ತಿ ಅಂಟಿಸುತ್ತಿದ್ದ.

"ಏನು ಹದಿನಾಲ್ಕು?"

"ನೂರು ವರ್ಷದಲ್ಲಿ ಅತಿ ಹೆಚ್ಚು ಜನ ಸತ್ತ ನೈಸರ್ಗಿಕ ವಿಪತ್ತುಗಳು ಅಂತ ಪಟ್ಟಿ ಹಾಕಿದಾರೆ. ಪ್ರವಾಹ, ಭೂಕಂಪ, ಚಂಡಮಾರುತ, ಎಲ್ಲಾ ಘಟಾನುಘಟಿಗಳು. ಕಾಣೆಯಾದೋರ ಮನೆಯವರೆಲ್ಲ ಶುಕ್ರವಾರದೊಳಗೆ ಸಹಿ ಹಾಕಿ ಸತ್ತೋರ ಲೆಕ್ಕಕ್ಕೆ ಸೇರಿಸಿದ್ರೆ ಹದಿಮೂರಕ್ಕೆ ಏರ್ತೀವಂತೆ. ನಮ್ಮಣ್ಣಂದಿರಿಬ್ಬರೂ ಶಾಲೇಲಿ ಒಂದು ಸಲಾನೂ ಪಾಸಾದೋರಲ್ಲ. ಈಗ ನೋಡು, ರ‍್ಯಾಂಕು."

ನಗಬೇಕೋ ಬೇಡವೋ ಮಸಿಯಣ್ಣನಿಗೆ ತಿಳಿಯಲಿಲ್ಲ. ಇಬ್ಬರು ಅಣ್ಣಂದಿರನ್ನು ಕಳೆದುಕೊಂಡವನು ನಗಬಹುದು, ಯಾರನ್ನೂ ಕಳೆದುಕೊಳ್ಳದವನು ನಕ್ಕರೆ ಏನಾಗುತ್ತದೆ? ಆ ಪಟ್ಟಿಯನ್ನು ಅವನು ಭಾನುವಾರವೇ ನಾಲ್ಕು ಸಲ ಓದಿದ್ದ. ಸಂಜೆ ಶಾಲೆಗೆ ಹೋಗುತ್ತಿದ್ದಾಗ ಭೂಗೋಳದ ಮೇಷ್ಟ್ರು ಇಂಥದೇ ಕೋಷ್ಟಕವೊಂದನ್ನು ಬಾಯಿಪಾಠ ಮಾಡಿಸಿದ್ದರು, ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ ಸಿಕ್ಕಿತ್ತು. ಇಪ್ಪತ್ತೆರಡು ಲಕ್ಷದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ ಎರಡು ಲಕ್ಷ ಇಪ್ಪತ್ತು ಸಾವಿರವಾದಾಗ ಮೇಷ್ಟ್ರು ಬೆತ್ತದಿಂದ ಮೇಜು ಕುಟ್ಟಿ, ಒಂದು ಸೊನ್ನೆ ಅಂದ್ರೆ ಎಷ್ಟು ಜನ ಗೊತ್ತೇನೋ ಎಂದು ಕೇಳಿದ್ದರು. ಗೊತ್ತಿರಲಿಲ್ಲ. ಹೆಣಗಳ ಗುರುತು ಹಿಡಿಯಲು ಅವನನ್ನು ಕರೆಸಿದ್ದ ಐಸ್ ಕಾರ್ಖಾನೆಯಲ್ಲಿ ಸಾಲಾಗಿ ಮಲಗಿಸಿದ್ದ ಇನ್ನೂರ ಹನ್ನೆರಡು ಮಂದಿಯನ್ನು ಒಬ್ಬೊಬ್ಬರಾಗಿ ದಾಟಿದ ಮೇಲೂ ಗೊತ್ತಾಗಿದೆ ಎಂದು ಅವನಿಗೆ ಅನ್ನಿಸಿರಲಿಲ್ಲ. ಬದಲಿಗೆ ಅನ್ನಿಸಿದ್ದೇ ಬೇರೆ. ಅದನ್ನು ಅವನು ಹೆಂಡತಿಗೂ ಹೇಳಿಲ್ಲ.

ಟೀಚರಮ್ಮ ಒಳಗೆ ಬಂದದ್ದು ಅವನಿಗೆ ಮೊದಲು ತಿಳಿಯಲೇ ಇಲ್ಲ. ತಲೆಯೆತ್ತಿದಾಗ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ಕಾಗದದ ಚೀಲ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎಂಟು ವರ್ಷದ ಹಿಂದೆ ಅವರ ಯಜಮಾನರು ತೀರಿಕೊಂಡಾಗ ಮಗನನ್ನು ಕರೆದುಕೊಂಡು ಸೇತುವೆಯಾಚೆಗೆ ಹೋದವರು, ಲಾಂಡ್ರಿಗೆ ಬಟ್ಟೆ ಹಾಕುವುದನ್ನೂ ಅಂದೇ ನಿಲ್ಲಿಸಿದ್ದರು. ಸಮುದ್ರ ಬಂದ ದಿನ ಮಗ ಬಂದರಿನ ಕಚೇರಿಯಲ್ಲಿದ್ದನಂತೆ. ಹತ್ತೊಂಬತ್ತು ವರ್ಷ, ಕೆಲಸಕ್ಕೆ ಸೇರಿದ ಮೊದಲ ದಿನ. ಇದು ಊರಿಗೆಲ್ಲ ಗೊತ್ತು. ಅವನು ಸಿಗಲಿಲ್ಲ ಎಂಬುದೂ ಗೊತ್ತು.

"ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕು," ಎಂದರು. ಚೀಲದಿಂದ ಒಂದು ಅಂಗಿಯನ್ನೂ ಕಾಣೆಯಾದವರ ಸರ್ಕಾರಿ ನಮೂನೆಯನ್ನೂ ತೆಗೆದು, ನಮೂನೆಯ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲಿ ನೋಡಿ, ಒಂಬತ್ತನೇ ಕಲಮು. ಧರಿಸಿದ್ದ ಬಟ್ಟೆಯ ಮೇಲಿನ ಗುರುತು. ನಮ್ಮ ಮೈದುನ ಏನೋ ಒಂದು ಬರೆದು ಸಹಿ ಹಾಕಿಬಿಡಿ ಅತ್ತಿಗೆ ಅಂತಾನೆ. ಮಗನ ವಿಷಯ, ಏನೋ ಒಂದು ಅಂತ ಹೇಗೆ ಬರೆಯೋದು? ಅವತ್ತು ಅವನು ಹಾಕಿಕೊಂಡು ಹೋಗಿದ್ದು ಅವರಪ್ಪನ ಅಂಗಿ. ಒಂದೇ ಬಟ್ಟೇಲಿ ಎರಡು ಹೊಲಿಸಿದ್ರು. ಇದು ಅದರ ಜೊತೆಯದು. ಇದರ ಕಾಲರಲ್ಲಿ ಇರೋದು ನಿಮ್ಮ ಕೈಯದ್ದೇ ಅಲ್ವಾ, ಇದನ್ನ ಏನಂತಾರೆ? ಏನಂತ ಬರೀಲಿ?"

ಮಸಿಯಣ್ಣ ಕಾಲರು ಮಡಚಿದ. ಅಡ್ಡಗೆರೆ. ಅದರ ಮೇಲೆ ಎರಡು ಚುಕ್ಕೆ. ಎಂದಿನಂತೆ ಮನೆ ಕಣ್ಣಿಗೆ ಕಟ್ಟಿತು, ಮನೆಯ ಬಾಗಿಲು, ಬಾಗಿಲಲ್ಲಿ ನಿಂತ ಮುಖ. ಅದು ಔಷಧಿ ಅಂಗಡಿಯವರ ಮುಖವಾಗಿತ್ತು.

ಬಾಯ್ಲರಿನ ಸದ್ದು ಒಮ್ಮೆ ದೂರವಾಗಿ ಮತ್ತೆ ಹತ್ತಿರ ಬಂತು. ಅವನಿಗೆ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಹೇಳಿದ್ದ: ಒಂದು ಮನೆ ಬಿಟ್ಟುಹೋದರೆ ಅದರ ಗುರುತನ್ನು ಹತ್ತು ವರ್ಷ ಯಾರಿಗೂ ಕೊಡಬೇಡ, ಒಳ್ಳೆಯ ಬಟ್ಟೆ ಅಷ್ಟು ದಿನ ಬಾಳುತ್ತದೆ. ಔಷಧಿ ಅಂಗಡಿಯವರು ಹೊಸ ಗಿರಾಕಿಯಾಗಿ ಬಂದಾಗ ವಾರಕ್ಕೆ ಮೂವತ್ತು ನಲವತ್ತು ಬಟ್ಟೆ, ಎಲ್ಲ ಬಿಳಿ, ಎಲ್ಲದಕ್ಕೂ ಗುರುತು ಬೇಕು. ಸರದಿಯಲ್ಲಿ ಮುಂದಿದ್ದ ಗುರುತು ಎರಡು ಕೊಕ್ಕೆ, ಒಂದು ಸೊನ್ನೆ, ಮೂರು ಗೆರೆ. ಬರೆದು ಬರೆದು ಬೆರಳು ಸೋಲುವಂಥದು. ಟೀಚರಮ್ಮನ ಮನೆಯ ಗುರುತು ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಎಷ್ಟು ಚೊಕ್ಕ, ಮೂರೇ ಏಟಿಗೆ ಮುಗಿಯುವಂಥದು. ಸೇತುವೆಯಾಚೆಗೆ ಹೋದವರು ಇನ್ನು ಬರುವುದಿಲ್ಲ ಎಂದುಕೊಂಡು ಅದನ್ನೇ ಕೊಟ್ಟಿದ್ದ. ಆ ಸಂಜೆ ಬೇಗ ಕೆಲಸ ಮುಗಿಸಿದ ಖುಷಿಯೂ ಅವನಿಗೆ ನೆನಪಿತ್ತು. ಮೂರು ಗೆರೆ ಉಳಿಸಲು. ಮೂರು ಗೆರೆ.

"ಏನೂ ಹೆಸರಿಲ್ಲ ಟೀಚರ್," ಎಂದ, ತನ್ನದಲ್ಲದ ದನಿಯಲ್ಲಿ. "ಅಡ್ಡಗೆರೆ, ಮೇಲೆ ಎರಡು ಚುಕ್ಕೆ. ಹಾಗೇ ಬರೀರಿ."

ಅವರು ಪೆನ್ನು ತೆಗೆದು ದುಂಡಗೆ ಬರೆದರು. ತಪ್ಪಿಲ್ಲವೇ ಎಂದು ಮತ್ತೊಮ್ಮೆ ಓದಿದರು. ಆಮೇಲೆ ತಲೆಯೆತ್ತದೆ, ಪೆನ್ನಿನ ಮುಚ್ಚಳ ಹಾಕುತ್ತ, "ಅವತ್ತು ಐಸ್ ಕಾರ್ಖಾನೇಲಿ ನೀವೇ ಎಲ್ಲಾ ಗುರುತು ನೋಡಿದ್ದು. ಪೇಪರಲ್ಲಿ ಓದಿದೆ, ಒಂದೂ ಬಿಡದೆ ನೋಡಿದ್ರಂತೆ. ಇದು ಇರಲಿಲ್ಲ ಅಲ್ವಾ?" ಎಂದು ಕೇಳಿದರು.

ಲಾಂಡ್ರಿಯ ಯಜಮಾನಿಯ ಮೇಜಿನ ಮೇಲ್ಗಡೆ ಗೋಡೆಯಲ್ಲಿ, ಆ ಕೆಲಸಕ್ಕಾಗಿ ಸರ್ಕಾರ ಅವನಿಗೆ ಕೊಟ್ಟ ಪ್ರಶಂಸಾಪತ್ರ ಗಾಜು ಹಾಕಿಸಿಕೊಂಡು ತೂಗುತ್ತಿತ್ತು. ಇಸ್ತ್ರಿಯವನು ಇಸ್ತ್ರಿ ನಿಲ್ಲಿಸಿ ಈ ಕಡೆ ನೋಡುತ್ತಿದ್ದ.

"ಇಲ್ಲ ಟೀಚರ್," ಎಂದ ಮಸಿಯಣ್ಣ.

ಅದು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕಾಲ ಬುಡಕ್ಕೆ ಏನೋ ಹರಿದು ಬಂದಾಗ ಕಾಲು ತಾನೇ ಹಿಂದಕ್ಕೆ ಬರುವ ಹಾಗೆ ನಾಲಿಗೆಯ ಮೇಲೆ ಬಂದದ್ದು. ಒಂದು ನಿಟ್ಟುಸಿರು, ಹೋಗಲಿ ಎನ್ನುವ ಒಂದು ಮಾತು, ಹೆಚ್ಚೆಂದರೆ ಒಂದಿಷ್ಟು ಅಳು ಬರಬಹುದೆಂದು ಅವನು ತಲೆ ತಗ್ಗಿಸಿ ಕಾದ. ಏನೂ ಬರಲಿಲ್ಲ. ನೋಡಿದರೆ ಟೀಚರಮ್ಮನ ಮುಖ ಬಿಚ್ಚಿಕೊಂಡಿತ್ತು. ಹದಿನಾಲ್ಕು ತಿಂಗಳಿಂದ ಬಿಗಿದಿದ್ದ ಮುಖ.

"ಹಾಗಾದ್ರೆ ನಾನು ಸಹಿ ಹಾಕಲ್ಲ," ಎಂದರು ಮೆಲ್ಲಗೆ. "ಎಲ್ಲರೂ ಅಂದ್ರು, ಸಿಕ್ಕಿರ್ತಾನೆ, ಗುರುತು ಸಿಗದೆ ಯಾವುದೋ ಗುಂಡಿಗೆ ಸೇರಿಸಿರ್ತಾರೆ ಅಂತ. ನೀವು ನೋಡಿಲ್ಲ ಅಂದ್ಮೇಲೆ ಅವನು ಅಲ್ಲಿಗೆ ಬಂದೇ ಇಲ್ಲ. ದೋಣಿಯವರು ಯಾರೋ ಎತ್ತಿಕೊಂಡಿರಬಹುದು. ತಲೆಗೆ ಪೆಟ್ಟು ಬಿದ್ದು ಹೆಸರು ಮರೆತಿರಬಹುದು. ಅಂಥವರು ಇದಾರಂತೆ." ನಮೂನೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿ, ಅಂಗಿಯನ್ನು ಚೀಲಕ್ಕೆ ಸೇರಿಸಿ, ಬಾಗಿಲವರೆಗೆ ಹೋದವರು ತಿರುಗಿ ಬಂದು ಅವನ ಕಪ್ಪು ಬೆರಳುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ನಿಮಗೆ ಒಳ್ಳೇದಾಗ್ಲಿ."

ಅವರು ಹೋದ ಮೇಲೆ ಇಸ್ತ್ರಿಯವನು ಕೇಳಿದ, "ಯಾಕೋ, ಮುಖ ಯಾಕೆ ಹಾಗೆ ಬಿಳಿಚ್ಕೊಂಡಿದೆ? ಒಳ್ಳೇದಾಗ್ಲಿ ಅಂದ್ರಲ್ಲ, ಬೈದ್ರಾ?"

"ತಲೆನೋವು."

"ಹೋಗು, ಮಾತ್ರೆ ತಗೊ. ನಾನು ಯಜಮಾನಿಗೆ ಹೇಳ್ತೀನಿ."

ಇಳಿಜಾರಿನಲ್ಲಿ ನಡೆಯುವಾಗ ಅವನು ನೆನಪು ಮಾಡಿಕೊಳ್ಳಲು ಹೊರಟ. ಐಸ್ ಕಾರ್ಖಾನೆಯಲ್ಲಿ ಆ ಗುರುತಿನ ಅಂಗಿ ತೊಟ್ಟಿದ್ದ ಹುಡುಗನನ್ನು ಅವನ ಮಾತಿನ ಮೇಲೆ ಔಷಧಿ ಅಂಗಡಿಯವರು ತಮ್ಮ ಮಗನೆಂದು ಮಣ್ಣು ಮಾಡಿದ್ದರು. ಮಸಿಗೆ ವಯಸ್ಸು ಇರುತ್ತದೆ. ಹಾಕಿದಾಗ ಕಡುಕಪ್ಪು, ಒಗೆತಕ್ಕೆ ಬಿದ್ದ ಹಾಗೆ ಕಂದು, ವರ್ಷಗಳು ಕಳೆದರೆ ತುಕ್ಕಿನ ಬಣ್ಣ. ಔಷಧಿ ಅಂಗಡಿಯವರ ಮಗನ ಅಂಗಿಯಾಗಿದ್ದರೆ ಕಪ್ಪಿರಬೇಕು, ಟೀಚರಮ್ಮನ ಮಗ ಹಾಕಿದ್ದ ಅವನಪ್ಪನ ಅಂಗಿಯಾಗಿದ್ದರೆ ತುಕ್ಕು. ಇದನ್ನು ಹೇಳಬಲ್ಲವನು ಊರಿನಲ್ಲಿ ಒಬ್ಬನೇ, ಅವನೇ. ಐಸ್ ಕಾರ್ಖಾನೆಯ ಆ ದಿನ ಮತ್ತೆ ಎದ್ದು ಬಂತು. ಕೊರೆಯುವ ನೆಲ, ಮೂಗಿಗೆ ಕಟ್ಟಿದ ಬಟ್ಟೆ, ಕೆಸರು ಮೆತ್ತಿ ಎಲ್ಲ ಅಂಗಿಗಳೂ ಒಂದೇ ಬಣ್ಣವಾಗಿದ್ದವು, ಮುಖಗಳು ಮುಖಗಳಾಗಿ ಉಳಿದಿರಲಿಲ್ಲ. ಮೊದಲ ಗಂಟೆ ಎರಡು ಸಲ ವಾಂತಿ ಮಾಡಿಕೊಂಡ. ಆಮೇಲೆ ಒಂದು ಕಾಲರು ಮಡಚಿ, ಬೇಕರಿಯವರ ಮನೆ ಎಂದ. ಅಧಿಕಾರಿ ಬರೆದುಕೊಂಡರು. ಇನ್ನೊಂದು, ದರ್ಜಿಯ ತಂಗಿಯ ಮನೆ. ಬರೆದುಕೊಂಡರು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅಧಿಕಾರಿ ಅವನಿಗೆ ಒಂದು ಕುರ್ಚಿ ತರಿಸಿದರು. "ಕೂತ್ಕೊಳ್ಳಿ ಸಾರ್, ನಾವು ಬಟ್ಟೆ ನಿಮ್ಮ ಹತ್ರ ತರ್ತೀವಿ." ಅವನನ್ನು ಸಾರ್ ಎಂದವರು ಅದಕ್ಕೆ ಮುಂಚೆ ಯಾರೂ ಇಲ್ಲ. ಹೊರಗೆ ಗೋಳಾಡುತ್ತಿದ್ದ ಜನ ಅವನು ಬಾಯಿ ತೆರೆದರೆ ಸುಮ್ಮನಾಗುತ್ತಿದ್ದರು. ಒಳಗೊಳಗೇ ಬೆಚ್ಚಗೆ ಏನೋ ಉಬ್ಬುತ್ತ ಹೋಯಿತು. ಹೆಣಗಳ ನಡುವೆ ಕೂತು ತಾನು ಸಂತೋಷಪಡುತ್ತಿದ್ದೇನೆ ಎಂದು ಅವನಿಗೆ ಹೊಳೆದದ್ದು ಮಧ್ಯಾಹ್ನ, ಚಹಾ ಕುಡಿಯುವಾಗ. ಹೊಳೆದರೂ ಅದು ನಿಲ್ಲಲಿಲ್ಲ. ಆ ಬೆಚ್ಚಗಿನ ಹೊತ್ತಿನಲ್ಲೇ ಎಲ್ಲೋ ಒಂದು ಕಡೆ ಅಡ್ಡಗೆರೆ ಮತ್ತು ಎರಡು ಚುಕ್ಕೆ ಬಂದದ್ದು. ಕಂಡ ಕೂಡಲೇ ಔಷಧಿ ಅಂಗಡಿ ಎಂದಿದ್ದ, ಓದಿದ ಪಾಠ ಒಪ್ಪಿಸುವವನ ಹಾಗೆ. ಗುರುತು ಕಂಡಾಕ್ಷಣ ಮನೆ ಕಂಡಿತ್ತು, ಗುರುತನ್ನು ಅವನು ನೋಡಿರಲೇ ಇಲ್ಲ. ಕಪ್ಪೋ, ತುಕ್ಕೋ. ಕಣ್ಣು ಮುಚ್ಚಿದರೆ ಒಮ್ಮೆ ಕಪ್ಪು ಬರುತ್ತಿತ್ತು, ಒಮ್ಮೆ ತುಕ್ಕು, ಬೇಕೆಂದದ್ದು ಬರುತ್ತಿತ್ತು.

ಔಷಧಿ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಂಗಡಿಯವರು ಗಾಜಿನ ಪೆಟ್ಟಿಗೆಯ ಹಿಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮಸಿಯಣ್ಣನನ್ನು ಕಂಡು, "ಬನ್ನಿ ಬನ್ನಿ, ಬಹಳ ದಿನ ಆಯ್ತು," ಎಂದರು. ಅವನು ನಿಂತಲ್ಲೇ, ಗಾಜಿನೊಳಗಿದ್ದ ಕೆಮ್ಮಿನ ಔಷಧಿಯ ಬಾಟಲಿಗಳನ್ನು ನೋಡುತ್ತ, ಎಲ್ಲ ಹೇಳಿದ. ಗುರುತು ಎರಡು ಮನೆಗೆ ಹೋದದ್ದು, ಟೀಚರಮ್ಮನ ಅಂಗಿ, ಮಸಿಯ ಬಣ್ಣ. ಹೇಳುವಾಗ ನಡುನಡುವೆ ಕ್ಷಮಿಸಿ ಸಾರ್, ಕ್ಷಮಿಸಿ ಸಾರ್ ಎಂದು ಎಷ್ಟು ಸಲ ಅಂದನೋ, ಆ ಮಾತಿಗೆ ಅರ್ಥವೇ ಹೋಗಿಬಿಟ್ಟಿತು.

ಅಂಗಡಿಯವರು ಕನ್ನಡಕ ಹಾಕಿಕೊಳ್ಳಲಿಲ್ಲ. "ಕಾಲು," ಎಂದರು.

"ಸಾರ್?"

"ನಮ್ಮ ಹುಡುಗನ ಪಾದ ನನ್ನ ಪಾದದ ಹಾಗೇ ಚಪ್ಪಟೆ. ಅಲ್ಲಿ ನಾನು ಹೊದಿಕೆ ಎತ್ತಿ ಪಾದ ನೋಡಿದೆ. ನೀರಲ್ಲಿ ಮೂರು ದಿನ ಇದ್ರೆ ಪಾದ ಹೇಗೆ ಬೇಕಾದ್ರೂ ಆಗುತ್ತೆ ಅಂದ್ಕೊಂಡೆ. ಒಂದು ಗಳಿಗೆ ಅನುಮಾನ ಬಂತು. ನಿಮ್ಮನ್ನ ನೋಡಿದೆ. ನೀವು ಕುರ್ಚೀಲಿ ಕೂತು ಆಗಲೇ ಮುಂದಿನ ಕಾಲರು ನೋಡ್ತಿದ್ರಿ. ಇಷ್ಟು ಗಟ್ಟಿಯಾಗಿ ಹೇಳ್ತಿದಾರೆ, ನನ್ನದೇನು ಅಂತ ಸುಮ್ಮನಾದೆ."

ಒಳಗಿನ ಕೋಣೆಯಿಂದ ಅವರ ಹೆಂಡತಿ, "ಯಾರು ಬಂದಿರೋದು?" ಎಂದು ಕೂಗಿ ಕೇಳಿದರು.

"ಲಾಂಡ್ರಿಯವರು. ತಲೆನೋವಂತೆ," ಎಂದರು ಅಂಗಡಿಯವರು ಸಹಜವಾಗಿ. ಆಮೇಲೆ ದನಿ ತಗ್ಗಿಸಿ, "ಅವಳಿಗೆ ಈಗ ನಿದ್ದೆ ಬರ್ತಿದೆ. ದಿನಾ ಸಾಯಂಕಾಲ ಸಮಾಧಿ ಹತ್ರ ಹೋಗಿ ಕಳೆ ಕಿತ್ತು, ನೀರು ಹಾಕಿ ಬರ್ತಾಳೆ. ನೀವು ಇಲ್ಲಿ ಹೇಳಿದ್ದು ನಾನು ಕೇಳಿಲ್ಲ. ಅಲ್ಲಿರೋದು ನಮ್ಮ ಹುಡುಗ. ಅಲ್ಲ ಅಂತ ಖಂಡಿತ ಹೇಳೋಕ್ಕೆ ನಿಮ್ಮ ಕೈಲಾಗುತ್ತಾ?"

"ಇಲ್ಲ ಸಾರ್."

"ಹೌದು ಅಂತ?"

ಅಂಗಡಿಯವರು ಎರಡು ಮಾತ್ರೆ ಕತ್ತರಿಸಿ ಪೊಟ್ಟಣ ಕಟ್ಟಿ ಮುಂದಿಟ್ಟರು, ಬೇರೆ ಯಾರಿಗೋ ಕಟ್ಟಿಕೊಡುವ ಹಾಗೆ. "ಊಟ ಆದ್ಮೇಲೆ ಒಂದು."

ಸೇತುವೆ ದಾಟುವಾಗ ಬಿಸಿಲು ಇನ್ನೂ ಇತ್ತು. ಅಂಗಡಿಯವರ ಮೇಲೆ ಅವನಿಗೆ ಸಿಟ್ಟು ಬಂತು. ಅನುಮಾನ ಬಂದಾಗ ಬಾಯಿ ಬಿಟ್ಟಿದ್ದರೆ? ಎರಡು ಹೆಜ್ಜೆಗೆ ಆ ಸಿಟ್ಟು ನಾಚಿಕೆಯಾಯಿತು. ತನ್ನ ತಪ್ಪನ್ನು ಹಂಚಿಕೊಳ್ಳಲು ಇನ್ನೊಬ್ಬರು ಸಿಕ್ಕರೆಂದು ಒಳಗೆಲ್ಲೋ ಹಗುರಾಗಿತ್ತಲ್ಲ, ಎಂಥ ಮನುಷ್ಯ ತಾನು. ಹೇಳಿದರೆ ಒಬ್ಬ ತಾಯಿಯ ನಿದ್ದೆ ಹೋಗುತ್ತದೆ, ಇನ್ನೊಬ್ಬ ತಾಯಿಗೆ ಸಿಗುವುದು ಮಗನಲ್ಲ, ಮಗನಿರಬಹುದು ಎಂಬ ಅರ್ಧ ಮಾತು. ಹೇಳದಿದ್ದರೆ ಟೀಚರಮ್ಮ ಬದುಕಿರುವವರೆಗೂ ದೋಣಿಯವರನ್ನು ಕೇಳುತ್ತ ತಿರುಗುತ್ತಾರೆ. ಬೆಳಿಗ್ಗೆ ಬಂದದ್ದು ಸಹಿ ಹಾಕಲು ಸಿದ್ಧವಾಗಿ. ಅಷ್ಟು ದೂರ ಅವರು ಹೇಗೆ ನಡೆದು ಬಂದಿದ್ದರೋ, ಒಂದೇ ಮಾತಿನಿಂದ ಅವನು ಹಿಂದಕ್ಕೆ ಅಟ್ಟಿದ್ದ. ಯಾವ ಬೆಲೆಗೂ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು. ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿದ, ಕಟ್ಟಿದ್ದನ್ನು ಬಿಚ್ಚಿದ.

ಬಾಗಿಲು ತೆರೆದೇ ಇತ್ತು. ಟೀಚರಮ್ಮ ಹಾಸಿಗೆಯೊಂದನ್ನು ಕಿಟಕಿಗೆ ಆನಿಸಿ ಕೋಲಿನಿಂದ ಧೂಳು ಹೊಡೆಯುತ್ತಿದ್ದರು. ಮೈದುನ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ. ಮಸಿಯಣ್ಣನನ್ನು ಕಂಡು, "ನೀವೇನಾ ಅದು?" ಎಂದ. "ಬೆಳಿಗ್ಗೆಯಿಂದ ಈ ಮನೇಲಿ ನಿಮ್ಮದೇ ಸ್ತೋತ್ರ. ಅತ್ತಿಗೆ ನಿಮ್ಮಲ್ಲಿಂದ ನೆಟ್ಟಗೆ ಕಚೇರಿಗೆ ಹೋಗಿ ಅವನ ಹೆಸರನ್ನ ಸತ್ತೋರ ಲೆಕ್ಕಕ್ಕೆ ಸೇರಿಸೋ ಪಟ್ಟಿಯಿಂದ ಹೊಡೆಸಿ ಬಂದಿದಾರೆ."

"ಕೆಂಪು ಗೆರೆ ಎಳೆದ್ರು, ನನ್ನ ಕಣ್ಣೆದುರೇ," ಎಂದರು ಟೀಚರಮ್ಮ. "ಆ ಗುಮಾಸ್ತ, ಇಡೀ ತಿಂಗಳಲ್ಲಿ ಹೆಸರು ತೆಗೆಸೋಕೆ ಬಂದೋರು ನೀವೊಬ್ಬರೇ ಅಮ್ಮ ಅಂದ. ಕೂತ್ಕೊಳ್ಳಿ, ನೀರು ಕೊಡ್ತೀನಿ."

"ಟೀಚರ್, ನಾನು ಬೆಳಿಗ್ಗೆ ಹೇಳಿದ್ದು ಸುಳ್ಳು," ಎಂದ ಮಸಿಯಣ್ಣ. ಕಟ್ಟಿಕೊಂಡು ಬಂದಿದ್ದ ಯಾವ ವಾಕ್ಯವೂ ಇದಲ್ಲ. "ಆ ಗುರುತು ಅಲ್ಲಿತ್ತು. ನಾನು ನೋಡಿದೆ. ಬೇರೆಯವರ ಮನೇದು ಅಂತ ಹೇಳಿ ಕೊಟ್ಟುಬಿಟ್ಟೆ. ಒಂದೇ ಗುರುತು ಎರಡು ಮನೆಗೆ ಹಾಕಿದ್ದೆ, ನನ್ನದೇ ತಪ್ಪು. ಅದು ನಿಮ್ಮ ಮಗ ಇರಬಹುದು. ಅಲ್ಲದೆಯೂ ಇರಬಹುದು. ಆದ್ರೆ ಇರಬಹುದು ಟೀಚರ್."

ಕೋಲು ನಿಂತಿತು. ಮೈದುನ ಗೋಡೆ ಬಿಟ್ಟು ನೆಟ್ಟಗಾದ. ಟೀಚರಮ್ಮ ಅವನನ್ನು ನೋಡಿದರು. ತಪ್ಪು ಲೆಕ್ಕ ಮಾಡಿ ತಂದ ಹುಡುಗನನ್ನು, ಬಯ್ಯದೆ, ಇನ್ನೊಮ್ಮೆ ಮಾಡು ಎಂದು ಕಳಿಸುವ ಮುಂಚೆ ನೋಡುವ ಹಾಗೆ. ಆಮೇಲೆ ಮೈದುನನ ಕಡೆ ತಿರುಗಿದರು.

"ನೀನು ಹೋಗಿದ್ಯಾ ಇವರ ಹತ್ರ?"

"ಅತ್ತಿಗೆ, ನನ್ನಾಣೆಗೂ ಇಲ್ಲ. ಇವರ ಮುಖಾನೂ ನಾನು ಇವತ್ತೇ ನೋಡಿದ್ದು."

"ಸಹಿ ಹಾಕಿಸೋಕೆ ಇವರ ಕೈಲಿ ಹೀಗೆ ಹೇಳಿಸ್ತಿದ್ದೀಯ. ಪಾಪ, ಅವರಿಗೆ ಸುಳ್ಳು ಹೇಳೋಕೂ ಬರಲ್ಲ, ನೋಡು ಹೇಗೆ ಬೆವರ್ತಿದಾರೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಬೆಳಿಗ್ಗೆ ಯಾರೂ ಹೇಳಿಕೊಡದೆ ತಾನಾಗಿ ಇಲ್ಲ ಅಂದ್ರಲ್ಲ, ಅದೇ ನಿಜ. ಇವರ ಕಣ್ಣು ತಪ್ಪಲ್ಲ. ಸರ್ಕಾರದವರೇ ಬರೆದುಕೊಟ್ಟಿದಾರೆ."

"ತಪ್ಪಿದೆ ಟೀಚರ್," ಎಂದ ಅವನು. "ನನ್ನ ಮಾತು ಕೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬೇಡ, ಏಳಿ. ಯಾರ ಬಲವಂತಕ್ಕೂ ನೀವು ಹೀಗೆಲ್ಲ ಮಾಡ್ಬಾರ್ದು."

ಅವರು ಮತ್ತೆ ಕೋಲೆತ್ತಿದರು. ಹಾಸಿಗೆಯಿಂದ ಧೂಳು ಎದ್ದು ಸಂಜೆಯ ಬೆಳಕಿನಲ್ಲಿ ಕೋಣೆ ತುಂಬಿತು. ಮೈದುನ ಅವನ ರಟ್ಟೆ ಹಿಡಿದು ಹೊರಗೆ ಕರೆತಂದು, ಮೆಟ್ಟಿಲ ಮೇಲೆ ನಿಂತು, "ನೀವು ಹೇಳಿದ್ದು ನಿಜಾನಾ?" ಎಂದು ಕೇಳಿದ. ಮಸಿಯಣ್ಣ ಹೌದು ಎಂದ. "ಬೆಳಿಗ್ಗೆ ಹೇಳಬೇಕಿತ್ತು," ಎಂದು ಹೇಳಿ ಮೈದುನ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಮಸಿಯಣ್ಣ ಕಚೇರಿಗೆ ಹೋಗಿ ತನ್ನ ಹೇಳಿಕೆಯನ್ನು ಬರೆದುಕೊಟ್ಟ. ಎರಡು ಪುಟ, ಒಳ್ಳೆಯ ಅಕ್ಷರ. ಗುಮಾಸ್ತ ಓದಿ, ಇದಕ್ಕೆ ನಮೂನೆ ಇಲ್ಲವಲ್ಲ ಎಂದು ಹಾಗೆಯೇ ಇಟ್ಟುಕೊಂಡ. ಶುಕ್ರವಾರ ಲೆಕ್ಕ ಮುಗಿಯಿತು. ಟೀಚರಮ್ಮನ ಮಗ ಅದರಲ್ಲಿಲ್ಲ. ಆ ಎರಡು ಪುಟ ಈಗ ಎಲ್ಲಿದೆಯೋ, ಯಾರಾದರೂ ಮುಂದಕ್ಕೆ ಕಳಿಸಿದರೋ ಇಲ್ಲವೋ, ಕೇಳಿದವರಿಗೆ ಯಾರೂ ಹೇಳಲಿಲ್ಲ. ಔಷಧಿ ಅಂಗಡಿಯವರ ಹೆಂಡತಿ ದಿನಾ ನೀರು ಹಾಕುವ ಮಣ್ಣಿನ ಕೆಳಗೆ ಮಲಗಿರುವ ಹುಡುಗ ಯಾರ ಮಗ, ಇನ್ನೊಬ್ಬ ಹುಡುಗ ಎಲ್ಲಿ ಹೋದ, ಅದು ಮಸಿಯಣ್ಣನಿಗೆ ಗೊತ್ತಿಲ್ಲ. ಇದನ್ನು ಹೇಳುವವರಿಗೂ ಗೊತ್ತಿಲ್ಲ.